ಹೊಸ ತೆನೆಯ ಹಾಲು

ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಅರಿಶಿನ ಎಲೆಯಲ್ಲಿ ಕಡುಬು ಬೇಯಿಸಿದಳು. ಮುಚ್ಚಳ ತೆಗೆದ ಕೂಡಲೇ ಆ ಹಬೆ ಮುಖಕ್ಕೆ ಬಂತು. ನಾನು ತಟ್ಟೆ ಅಲ್ಲೇ ಇಟ್ಟು ಎದ್ದು ಹೋದೆ. ಅಜ್ಜಿಗೆ ಸಿಹಿ ಆಗಲ್ಲ ಎಂದು ನೀವು ನಕ್ಕಿರಿ. ಸಿಹಿಯಿಂದಲ್ಲ, ಮಕ್ಕಳೇ. ಆ ವಾಸನೆಯ ಹಿಂದೆಯೇ ನನಗೆ ಇನ್ನೊಂದು ವಾಸನೆ ಬರುತ್ತದೆ... ಸುಣ್ಣದ ಗೋಡೆಗೆ ಹಾರಿದ ರಕ್ತದ್ದು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದು ಅಭ್ಯಾಸವಿಲ್ಲ. ಎದುರು ಕೂತು ಹೇಳುವ ಧೈರ್ಯ ಮೊದಲೇ ಇಲ್ಲ. ಅದಕ್ಕೇ ಈ ನೋಟ್‌ಬುಕ್ಕು.

ಹೊಸನಗರದ ಕಡೆ ನಾವಿದ್ದ ಊರಿನಲ್ಲಿ ನಮ್ಮ ಬೇಲಿಗೆ ತಾಗಿ ಅವರ ಮನೆಯಿತ್ತು. ಗಂಡನನ್ನು ಊರೆಲ್ಲ ಪೊರ್ಬುಗಳು ಅನ್ನುತ್ತಿತ್ತು, ಹೆಂಡತಿಯನ್ನು ಬಾಯಮ್ಮ. ಘಟ್ಟದ ಕೆಳಗಿಂದ ಬಂದ ಕಿರಿಸ್ತಾನರನ್ನು ಹಾಗೇ ಕರೆಯುವುದು ರೂಢಿ. ಪೊರ್ಬುಗಳ ಅಪ್ಪ ಅಣೆಕಟ್ಟಿನ ಕೆಲಸಕ್ಕೆಂದು ಕಾರ್ಗಲ್ಲಿಗೆ ಬಂದವರಂತೆ. ಇವರು ಗಾರೆ ಕೆಲಸ ಕಲಿತು ನಮ್ಮೂರಲ್ಲಿ ನಿಂತರು. ನಮ್ಮ ಬಾವಿಕಟ್ಟೆ, ಬಚ್ಚಲ ಒಲೆ ಎಲ್ಲ ಅವರ ಕೈಯದೇ. ಬಾಯಮ್ಮ ಬಟ್ಟೆ ಹೊಲಿಯುತ್ತಿದ್ದರು. ಅಳತೆ ತೆಗೆಯುವಾಗ ನಾಚಿ ಮುದುಡಿದರೆ, "ಉಸಿರು ಬಿಡು ತಂಗಿ, ರವಿಕೆ ನಿಂಗೇ ಹೊಲಿಯೋದು, ನಿನ್ನ ನೆರಳಿಗಲ್ಲ" ಎಂದು ನಗಿಸುತ್ತಿದ್ದರು.

ಮಾತೆ ಮರಿಯಮ್ಮ ಹುಟ್ಟಿದ ದಿನ ಅವರಿಗೆ ತೆನೆಹಬ್ಬ. ಇಗರ್ಜಿಯಲ್ಲಿ ಪಾದ್ರಿಗಳು ಹರಸಿ ಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಅರೆದು, ಹಾಲಿಗೆ ಹಾಕಿ ಮನೆಮಂದಿಯೆಲ್ಲ ಕುಡಿಯಬೇಕು. ಪರವೂರಲ್ಲಿ ಇರುವವರಿಗೆ ನಾಲ್ಕು ಕಾಳನ್ನು ಕವರಿನಲ್ಲಿಟ್ಟು ಟಪಾಲಿಗಾದರೂ ಹಾಕುತ್ತಾರೆ. ಅವತ್ತು ಅರಿಶಿನ ಎಲೆಯ ಕಡುಬೂ ಇರುತ್ತಿತ್ತು. ಇವರಿಬ್ಬರು ಕುಡಿಯುವ ಮೊದಲು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು: "ಯಾರ ಮೇಲಾದ್ರೂ ಸಿಟ್ಟಿದೆಯಾ?" ಇದ್ದರೆ ಲೋಟ ಕೆಳಗಿಟ್ಟು, ಆ ಮನೆಗೆ ಹೋಗಿ ಮಾತಾಡಿಸಿ ಬಂದೇ ಕುಡಿಯಬೇಕು. ಒಂದು ವರ್ಷ ಪೊರ್ಬುಗಳು, ಗೋಡೆ ಓರೆ ಕಟ್ಟಿದಿ ಎಂದು ಬೈದವನ ಮನೆಗೆ ಮೂರು ಮೈಲಿ ನಡೆದು ಹೋಗಿ ಬಂದರು. ಹಾಲು ಕೆನೆಗಟ್ಟಿತ್ತು. "ನಿಮ್ಮ ಸಿಟ್ಟಿನ ದೆಸೆಯಿಂದ ನಂಗೆ ಹಸಿವು" ಎಂದು ಬಾಯಮ್ಮ ಗೊಣಗಿದ್ದರು.

ಅವರಿಗೆ ಮಕ್ಕಳಿರಲಿಲ್ಲ. ಆ ವರ್ಷ ಬಾಯಮ್ಮ ಬೇಲಿಯ ಹತ್ತಿರ ಬಂದು, "ಇಬ್ರೇ ಕುಡಿದ್ರೆ ಅದೆಂಥ ಹಬ್ಬ ಮಾರಾಯ್ತಿ, ಮಗೂನ ಕಳ್ಸು" ಅಂದರು. ನಮ್ಮಲ್ಲೂ ಹೊಸ್ತು ಎಂದು ತೆನೆ ತಂದು ಬಾಗಿಲಿಗೆ ಕಟ್ಟುತ್ತೇವಲ್ಲ, ಅಂಥದ್ದೇ ಅಂದುಕೊಂಡೆ. ನಾನೇ ತಲೆ ಬಾಚಿ ನಿಮ್ಮ ಅಮ್ಮನನ್ನು ಕಳಿಸಿದೆ. ಅವಳಿಗೆ ಆಗ ಐದು ವರ್ಷ.

ಮಾರನೇ ದಿನ ಅಂಗಡಿಯಲ್ಲಿ ಅವಳು ಎಲ್ಲರ ಎದುರು ಹೇಳಿದಳಂತೆ, "ನಾನು ಪೊರ್ಬು ಮನೆ ದೇವ್ರ ಹಾಲು ಕುಡ್ದೆ. ನಾನೂ ಆ ಮನೆಯವಳಂತೆ." ಆ ದಿನಗಳಲ್ಲಿ ಊರು ಮೊದಲೇ ಕುದಿಯುತ್ತಿತ್ತು. ಜಾತಿ ಕೆಡಿಸುತ್ತಾರೆ, ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ ಎಂದು ಯಾರ್ಯಾರೋ ಬಂದು ಕಿವಿ ತುಂಬಿ ಹೋಗಿದ್ದರು. ನಿಮ್ಮ ಅಜ್ಜನನ್ನು ಅಲ್ಲೇ ಚುಚ್ಚಿದರು, "ಏನೋ, ಮಗಳನ್ನ ಆಗ್ಲೇ ಧಾರೆ ಎರೆದು ಕೊಟ್ಯಾ? ನಿಂಗೆ ಯಾವಾಗ ಹಾಲು?"

ಮನೆಗೆ ಬಂದವರೇ ಕೇಳಿದರು, "ಯಾರೇ ಕಳ್ಸಿದ್ದು?"

ನಾನು ಅಕ್ಕಿ ಆರಿಸುತ್ತಿದ್ದೆ. ನಾನೇ ಅಂತ ಅಂದಿದ್ದರೆ ಒಂದೆರಡು ಏಟು ನನಗೆ ಬೀಳುತ್ತಿತ್ತು, ಅಷ್ಟೇ. ತಲೆ ಎತ್ತಲಿಲ್ಲ. "ನಂಗೊತ್ತಿಲ್ಲ" ಅಂದೆ. ಹಾಗಾದರೆ ಅವರೇ ಕರೆದುಕೊಂಡು ಹೋದದ್ದು ಎಂದಾಯಿತು.

ಆ ಭಾನುವಾರ ಮಧ್ಯಾಹ್ನ, ಒಳ್ಳೇ ಬಿಸಿಲು, ಪೊರ್ಬುಗಳ ಮನೆಗೆ ಎಂಟು ಜನ ಬಂದರು. ನಿಮ್ಮ ಅಜ್ಜ ಮುಂದೆ ಇದ್ದರು. ನಾನು ಬಾವಿಕಟ್ಟೆಯ ಹತ್ತಿರ ಕೊಡ ಹಿಡಿದು ನಿಂತಿದ್ದೆ, ಎಲ್ಲ ಕಾಣುತ್ತಿತ್ತು. ಹೊಲಿಗೆ ಮಿಷನ್ನನ್ನು ಎತ್ತಿ ಅಂಗಳಕ್ಕೆ ಒಗೆದರು. ಗೋಡೆಯ ಶಿಲುಬೆ ಕಿತ್ತು ಮಣ್ಣಿಗೆ ಹಾಕಿದರು. ಒಬ್ಬ ಪೊರ್ಬುಗಳ ಕುತ್ತಿಗೆ ಹಿಡಿದು, "ಇದನ್ನ ತುಳಿ. ಅಷ್ಟು ಮಾಡು, ಜೀವ ಉಳಿಸ್ಕೋ" ಅಂದ.

"ಅದೊಂದು ಆಗಲ್ಲ ಮಾರಾಯ್ರೇ. ಬೇರೆ ಏನಾದ್ರೂ ಹೇಳಿ."

ಬಾಯಮ್ಮನ ಕಡೆ ತಿರುಗಿದರು. "ನೀನು ತುಳಿ, ಗಂಡನ್ನ ಬಿಡ್ತೀವಿ." ಬಾಯಮ್ಮ ಗಂಡನ ಮುಖ ನೋಡಿದರು. ಅವರು ಇಲ್ಲ ಎಂದು ತಲೆ ಆಡಿಸಿದರು. ಬಾಯಮ್ಮ ಬಗ್ಗಿ ಶಿಲುಬೆ ಎತ್ತಿಕೊಂಡು, ಸೆರಗಿನಿಂದ ಮಣ್ಣು ಒರೆಸಿದರು.

ಮೊದಲ ಏಟು ನಿಮ್ಮ ಅಜ್ಜನದು. ಪೊರ್ಬುಗಳದೇ ಹಾರೆ ಗೋಡೆಗೆ ಒರಗಿತ್ತು, ಅದರಲ್ಲೇ ಹೊಡೆದರು. ಆಮೇಲೆ ಎಲ್ಲರೂ ಮುಗಿಬಿದ್ದರು. ತಲೆಯ ಮೇಲೆ, ಗಾರೆ ಕಲಸಿದ ಆ ಕೈಗಳ ಮೇಲೆ... ಎಲುಬು ಮುರಿಯುವ ಸದ್ದು ಹಸಿ ಕಟ್ಟಿಗೆ ಮುರಿದ ಹಾಗೆ. ಬಾಯಮ್ಮ ಅವರ ಮೇಲೆ ಬಿದ್ದುಕೊಂಡರು. ಅವರ ಬೆನ್ನ ಮೇಲೂ ಹೊಡೆದರು. ನಾನು ಕೂಗಲಿಲ್ಲ. ಕೊಡ ಕೂಡ ಕೆಳಗೆ ಇಡಲಿಲ್ಲ.

ಹೊಡೆದು ಕೈ ಸೋತು ನಿಂತಾಗ ಬಾಯಮ್ಮನ ದನಿ ಕೇಳಿತು. ಬಾಯಿ ತುಂಬ ರಕ್ತ. ಗಂಡನ ಕಿವಿಯ ಹತ್ತಿರ ಬಗ್ಗಿ ಕೇಳುತ್ತಿದ್ದರು, "ಯಾರ ಮೇಲಾದ್ರೂ ಸಿಟ್ಟಿದೆಯಾ?"

"ಇಲ್ಲ" ಅಂದರು ಪೊರ್ಬುಗಳು. ಸ್ವಲ್ಪ ಹೊತ್ತಿನ ಮೇಲೆ, "ನಿಂಗೆ?"

"ಇಲ್ಲ."

ಆಮೇಲೆ ಪೊರ್ಬುಗಳ ಉಸಿರು ನಿಂತಿತು. ಎಂಟು ಜನರೂ ಓಡಿದರು. ಹೆಣ ನೋಡಿ ಓಡಿದರೋ, ಆ ಮಾತು ಕೇಳಿ ಓಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬಾಯಮ್ಮ ಸಾಗರದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು. ಮನೆಯಲ್ಲಿ ತವರಿಗೆ ಎಂದು ಹೇಳಿ ಬಸ್ಸು ಹತ್ತಿದೆ. ಪೊಲೀಸರು ಮಂಚದ ಪಕ್ಕ ಕೂತು ಹೆಸರು ಕೇಳುತ್ತಿದ್ದರು. "ನಾವು ಕ್ಷಮಿಸಿ ಬಿಟ್ಟಾಯ್ತು ಸ್ವಾಮಿ" ಎಂದಷ್ಟೇ ಬಾಯಮ್ಮ ಅನ್ನುತ್ತಿದ್ದರು. ಪೊಲೀಸರು ಎದ್ದು ಹೋದ ಮೇಲೆ ನಾನು ಕಾಲು ಹಿಡಿದುಕೊಂಡೆ. "ಮಗೂನ ಕಳ್ಸಿದ್ದು ನಾನು ಅಂತ ಮನೇಲಿ ಹೇಳ್ಲಿಲ್ಲ ಬಾಯಮ್ಮ."

ಅವರು ನನ್ನ ಕಡೆ ಮುಖ ತಿರುಗಿಸಿದರು. ಒಂದು ಕಣ್ಣು ಮುಚ್ಚಿ ಹೋಗಿತ್ತು. "ಮಗು ಹೆದರ್ಕೊಂಡಿದ್ಯಾ?" ಎಂದು ಮೊದಲು ಕೇಳಿದರು. ಆಮೇಲೆ, "ಹೇಳು ತಂಗಿ. ಈಗಾದ್ರೂ ಹೇಳು. ಪಾಪ, ಅವ್ರು ಸುಳ್ಳು ಸಿಟ್ಟು ಇಟ್ಕೊಂಡು ಹೆಂಗೆ ಬದುಕ್ತಾರೆ?"

ನನ್ನ ಗಂಡನನ್ನು ಪಾಪ ಅಂದರು.

ಆ ಸಂಜೆ ನಿಮ್ಮ ಅಜ್ಜನಿಗೆ ಹೇಳಿದೆ. ಬಾಯಮ್ಮ ಅಂದದ್ದನ್ನೂ ಹೇಳಿದೆ. ಹೊಡೆಯುತ್ತಾರೆ ಎಂದು ಕಾದೆ. ಅವರು ತಮ್ಮ ಕೈಗಳನ್ನೇ ನೋಡುತ್ತ ಕೂತರು. ಬೆಳಿಗ್ಗೆ ಅಂಗಿ ಹಾಕಿಕೊಂಡು ಠಾಣೆಗೆ ನಡೆದು ಹೋದರು. ಅದೇ ದಿನ ಬಾಯಮ್ಮ ತೀರಿಕೊಂಡ ಸುದ್ದಿ ಬಂತು.

ಅಜ್ಜ ಬಹಳ ವರ್ಷ ಘಟ್ಟದ ಕೆಳಗೆ ಕೆಲಸಕ್ಕಿದ್ದರು ಎಂದು ನಿಮಗೆ ಹೇಳಿದ್ದೇವಲ್ಲ, ಅದು ಜೈಲು. ಅಲ್ಲಿಂದ ಬಂದ ಮೇಲೆ ನಾವು ತೀರ್ಥಹಳ್ಳಿಯ ಈ ಕಡೆ ಬಂದೆವು. ಹೊಸ್ತಿನ ದಿನ ಅವರು ಊಟಕ್ಕೆ ಕೂರದೇ ಇದ್ದದ್ದು ವ್ರತ ಎಂದು ನೀವು ತಿಳಿದಿರಿ. ವ್ರತವಲ್ಲ. ಸಾಯುವವರೆಗೂ ಅವರಿಗೆ ಹೊಸ ಅಕ್ಕಿ ಗಂಟಲಲ್ಲಿ ಇಳಿಯಲಿಲ್ಲ.

ಅವರ ಫೋಟೋಕ್ಕೆ ಹೂ ಹಾಕುವುದು ಬಿಡಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಅಮ್ಮನಿಗೆ ಆ ಹಾಲು ನೆನಪಿಲ್ಲ. ಅವಳದೇನೂ ತಪ್ಪಿಲ್ಲ ಎಂದು ಅವಳಿಗೆ ಹೇಳಿ. ಬಾಯಮ್ಮ ಹೊಲಿದ ಒಂದು ರವಿಕೆ ನನ್ನ ಟ್ರಂಕಿನಲ್ಲಿದೆ. ಹಾಕಿಕೊಳ್ಳಲು ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಅವರಿಬ್ಬರನ್ನು ನೆನೆಯಲು ಮಕ್ಕಳಿಲ್ಲ... ನಾನಿದ್ದೇನೆ, ನಾನೂ ಎಷ್ಟು ದಿನ.

ಚಿಕ್ಕವಳು ಇವತ್ತೂ ಎರಡು ಕಡುಬು ತಂದಿಟ್ಟು ಹೋಗಿದ್ದಾಳೆ. ಮುಟ್ಟಿಲ್ಲ. ಇದನ್ನು ಓದಿದ ಮೇಲೆ ನಿಮಗೆ ನನ್ನ ಮೇಲೆ ಸಿಟ್ಟಿದ್ದರೆ, ಒಳಗೆ ಬಂದು ಎದುರಿಗೇ ಹೇಳಿ. ಕಡುಬು ಆಮೇಲೆ ತಿನ್ನೋಣ.