ಇನ್ನೊಂದು ಸೀನು

ಅವ್ವನ ಒಂದು ಕಾಲು ಹೊಸಲಿನ ಆಚೆ, ಇನ್ನೊಂದು ಈಚೆ ಇದ್ದಾಗ ನಾನು ಸೀನಿದೆ. ಒಂದೇ ಒಂದು ಸಲ.

ಕಾರಿನ ಕೀಲಿ ಹಿಡಿದು ಅಂಗಳದಲ್ಲಿ ನಿಂತಿದ್ದ ಹೆಂಡತಿ ನನ್ನನ್ನು ನೋಡಿದ ನೋಟದಲ್ಲಿ ಇಪ್ಪತ್ತು ವರ್ಷದ ಸಂಸಾರದ ಸಾರಾಂಶವಿತ್ತು. ಅವ್ವ ಆಚೆಯ ಕಾಲನ್ನು ಒಳಕ್ಕೆಳೆದುಕೊಂಡು, "ಒಂಟಿ ಸೀನು ಆಯ್ತು. ಇವತ್ತು ಬ್ಯಾಡ ಕಣ್ಲಾ," ಎಂದು ಹೋಗಿ ಬಾಗಿಲ ಬಳಿಯ ಮಂಚದ ಮೇಲೆ ಕೂತಳು. ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ.

ಹೊಸೂರಿನ ಡಾಕ್ಟರು ಅವಳಿಗೆ ಶ್ವಾಸಕೋಶದ ಊದುವ ಪರೀಕ್ಷೆ ಮಾಡಿಸಬೇಕೆಂದು ಹೇಳಿ ಬಹಳ ದಿನಗಳಾಗಿದ್ದವು. ಒಂದು ಮಾತನ್ನು ಒಂದೇ ಉಸಿರಿಗೆ ಮುಗಿಸಲು ಅವಳಿಂದ ಆಗುತ್ತಿರಲಿಲ್ಲ. ಬೈಗುಳವನ್ನೂ ಎರಡು ಕಂತಿನಲ್ಲಿ ಬೈಯುತ್ತಿದ್ದಳು. ರಾತ್ರಿ ಎದೆಯೊಳಗೆ ಸಣ್ಣ ಪೀಪಿ ಊದಿದಂತೆ ಸದ್ದು. ಆದರೆ ಹೊರಡುವ ದಿನ ಅಮಾವಾಸ್ಯೆ ಬರುತ್ತಿತ್ತು, ಇಲ್ಲವೇ ಮಂಗಳವಾರ, ಇಲ್ಲವೇ ತಳಿ ಊರಿನಿಂದ ಯಾರೋ ನೆಂಟರು. ಕೊನೆಗೂ ಒಪ್ಪಿದ್ದ ದಿನ ನನ್ನ ಮೂಗು ಅವಳ ಪಕ್ಷ ಸೇರಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ಪ್ರತಿವರ್ಷ ಉಸಿರಾಟದ ಚಾರ್ಟನ್ನು ಗೋಡೆಗೆ ತೂಗುಹಾಕಿ, ಮೂಗು, ಗಂಟಲು, ಶ್ವಾಸನಾಳ ಎಂದು ಕೋಲಿನಿಂದ ಇಳಿಯುತ್ತಾ ಹೋಗುತ್ತೇನೆ. ಸೀನಿಗೂ ಶಕುನಕ್ಕೂ ಸಂಬಂಧವಿಲ್ಲವೆಂದು ಮಕ್ಕಳಿಗೆ ಹೇಳುತ್ತೇನೆ. ಮನೆಯಿಂದ ಹೊರಡುವಾಗ ಒಂಟಿ ಸೀನು ಬಂದರೆ ಮಾತ್ರ, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವನ ಹಾಗೆ ಸ್ವಲ್ಪ ಹೊತ್ತು ಬಗ್ಗಿರುತ್ತೇನೆ. ಇದ್ದರೂ ಇರಬಹುದಲ್ಲ.

"ಇನ್ನೊಂದ್ ಸೀನಿದ್ರೆ ಜೋಡಿ ಆಯ್ತದಲ್ವಾ ಅತ್ತೆ?" ಹೆಂಡತಿ ಕೇಳಿದಳು.

ಅವ್ವ ಈ ಕಾಯಿದೆಯನ್ನು ತಿರಸ್ಕರಿಸುವಂತಿರಲಿಲ್ಲ. ನಮಗೆಲ್ಲ ಅದನ್ನು ಕಲಿಸಿದವಳೇ ಅವಳು. "ಆಯ್ತದೆ," ಎಂದಳು. "ಬರ್ಲಿ, ನೋಡಾನ."

ಕೂಡಲೇ ನಾನೊಂದು ಸೀನು ಸೀನಿದೆ.

"ಅದು ಸೀನಲ್ಲ ಕಣ್ಲಾ," ಎಂದಳು ಅವ್ವ. "ಕಂಪ್ನಿ ಬಸ್ಸಿನ ಬ್ರೇಕು."

ನಿಜವಾದ ಸೀನನ್ನು ಕರೆತರುವುದು ಎಷ್ಟು ಕಷ್ಟವೆಂದು ಆಮೇಲೆ ಗೊತ್ತಾಯಿತು. ಮೂಗಿನ ಒಳಪೊರೆಗೆ ಕಚಗುಳಿ ಆಗಬೇಕು, ನರ ಆ ದೂರನ್ನು ಮೆದುಳಿನ ಬುಡಕ್ಕೆ ಒಯ್ಯಬೇಕು, ಅಲ್ಲಿಂದ ಅಪ್ಪಣೆ ಬಂದ ಮೇಲೆ ಎದೆ ಗಾಳಿಯನ್ನು ತುಂಬಿಕೊಳ್ಳಬೇಕು, ಗಂಟಲಿನ ಬಾಗಿಲು ಮುಚ್ಚಬೇಕು, ಪಕ್ಕೆ ಹೊಟ್ಟೆಗಳ ಸ್ನಾಯುಗಳೆಲ್ಲ ಸೇರಿ ಒಳಗಿನಿಂದ ಒತ್ತಬೇಕು, ಆಗ ಬಾಗಿಲು ಒಮ್ಮೆಗೇ ತೆರೆಯಬೇಕು. ಸರ್ಕಾರಿ ಕಚೇರಿಯಲ್ಲಿ ಇಷ್ಟು ಮೇಜುಗಳನ್ನು ದಾಟಲು ಒಂದು ವರ್ಷ ಬೇಕು. ಸಾಲದ್ದಕ್ಕೆ ಮೂಗಿನ ಎರಡು ಹೊಳ್ಳೆಗಳು ಫ್ಯಾಕ್ಟರಿಯವರ ಹಾಗೆ ಪಾಳಿಯಲ್ಲಿ ಕೆಲಸ ಮಾಡುತ್ತವೆ. ಒಂದು ಚುರುಕಾಗಿದ್ದಾಗ ಇನ್ನೊಂದು ಅರ್ಧ ಮುಚ್ಚಿಕೊಂಡು ವಿಶ್ರಾಂತಿಯಲ್ಲಿರುತ್ತದೆ. ನಾನು ಬತ್ತಿ ಹೊಸೆದು ತುರುಕಿದ್ದು ವಿಶ್ರಾಂತಿಯ ಹೊಳ್ಳೆಗೇ ಇರಬೇಕು.

ಸೂರ್ಯನನ್ನು ನೋಡಿದೆ. ಕಣ್ಣಲ್ಲಿ ನೀರು ಬಂತು. ಪಕ್ಕದ ತೋಟದ ಚೆಂಡುಹೂವಿಗೆ ಮುಖ ಒತ್ತಿದೆ. ಇರುವೆ ಹತ್ತಿತು. ಹೆಂಡತಿ ಮೆಣಸಿನಪುಡಿ ತಂದಳು. ಡಬ್ಬಿ ತೆರೆಯುತ್ತಲೇ ಅವಳೇ ಜೋಡಿ ಸೀನು ಸೀನಿದಳು.

"ಅದ್ ನಡೆಯಲ್ವಾ?" ಎಂದೆ.

"ಅವ್ಳು ಸೀನಿದ್ದು ಅವ್ಳ ಲೆಕ್ಕ," ಎಂದಳು ಅವ್ವ.

ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದ ಪಕ್ಕದ ಮನೆಯ ತಾತ ನಶ್ಯದ ಡಬ್ಬಿ ಹಿಡಿದು ಬಂದ. ಅವನ ಮನೆಮಾತು ತೆಲುಗು. "ಕೊಂಚೆಮೇ, ಕೊಂಚೆಮೇ," ಸ್ವಲ್ಪವೇ ಸ್ವಲ್ಪ ಎನ್ನುತ್ತಾ ಒಂದು ಚಿಟಿಕೆ ಕೊಟ್ಟ. ಯಾವುದೇ ಔಷಧಿಯನ್ನು ಸ್ವಲ್ಪವೇ ತೆಗೆದುಕೊಂಡರೆ ಸಾಕಾಗಲಾರದೆಂಬ ಚಿಂತೆ ನನಗೆ ಯಾವಾಗಲೂ ಇರುತ್ತದೆ. ಎರಡು ಹೊಳ್ಳೆಗೂ ಏರಿಸಿದೆ.

ಬಂತು. ಚೆಂಡುಹೂವಿನ ಸಾಲಿನಿಂದ ಗುಬ್ಬಿಗಳು ಎದ್ದುಹೋಗುವಂಥ ಸೀನು.

"ಜೋಡಿ," ಎಂದು ಹೆಂಡತಿ ಕೀಲಿ ಎತ್ತಿದಳು. ಅಷ್ಟರಲ್ಲಿ ಇನ್ನೊಂದು ಬಂತು.

"ಮತ್ತೆ ಒಂಟಿ," ಎಂದಳು ಅವ್ವ.

ಮತ್ತೊಂದು. "ಜೋಡಿ ಅತ್ತೆ, ಏಳಿ." ಮತ್ತೊಂದು. "ಒಂಟಿ ಕಣಮ್ಮ, ಕೂತ್ಕೋ." ನಾನು ತುಳಸಿಕಟ್ಟೆಯನ್ನು ಹಿಡಿದುಕೊಂಡು ಜೋಡಿಗೂ ಒಂಟಿಗೂ ನಡುವೆ ತೂಗಾಡುತ್ತಿದ್ದೆ. ತಲೆ ಗಿರ್ರೆಂದು, ಅಂಗಳ ಮೆಲ್ಲಗೆ ಬಾಗಲೂರಿನ ಕಡೆಗೆ ಜಾರುತ್ತಿತ್ತು. ತಾತ ಲೆಕ್ಕ ತಪ್ಪಿ ಮೊದಲಿಂದ ಎಣಿಸಲು ಶುರುಮಾಡಿದ. "ಮೊದ್ಲಿಂದ ಅಂದ್ರೆ ಯಾವ್ದ್ರಿಂದ ತಾತ? ಆ ಬಸ್ ಬ್ರೇಕ್ ಸೇರ್ಸಿಯೋ, ಬಿಟ್ಟೋ?" ಎಂದು ಹೆಂಡತಿ ಕೇಳಿದಳು.

ಅವ್ವನಿಗೆ ನಗು ಬಂತು. ಹಣೆಗೆ ಸೆರಗೊತ್ತಿಕೊಂಡು, ಮಂಚ ಅಲ್ಲಾಡುವಂತೆ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ನಾವೂ ನಕ್ಕೆವು. ನಗು ಕೆಮ್ಮಾಯಿತು. ಕೆಮ್ಮು ನಿಂತಿತು, ಆದರೆ ಆಮೇಲೆ ಬರಬೇಕಾಗಿದ್ದ ಉಸಿರು ಬರಲಿಲ್ಲ.

ಅವಳು ಮಂಚದ ಅಂಚನ್ನು ಹಿಡಿದು ಮುಂದಕ್ಕೆ ಬಾಗಿದಳು. ಹೆಗಲು ಮೇಲಕ್ಕೇರಿತು, ಕತ್ತಿನ ನರಗಳು ಹಗ್ಗದಂತಾದವು. ಎದೆಯ ತಳದಲ್ಲಿ ವಪೆ ಎಂಬ ಪೊರೆ ಕೆಳಕ್ಕಿಳಿದರೆ ಗಾಳಿ ತಾನಾಗಿ ಒಳಗೆ ಬರುತ್ತದೆ ಎಂದು ನಾನು ಮಕ್ಕಳಿಗೆ ಹೇಳುವುದು. ತಾನಾಗಿ ಏನೂ ಬರುತ್ತಿರಲಿಲ್ಲ. ಹೆಂಡತಿ ಬೆನ್ನು ನೀವುತ್ತಿದ್ದಳು. ನನ್ನ ಸೀನು ಎಲ್ಲಿ ಹೋಯಿತೋ ತಿಳಿಯದು.

ನಿಧಾನವಾಗಿ, ಎಳೆ ಎಳೆಯಾಗಿ ಉಸಿರು ಮರಳಿತು. ಅವ್ವ ಕಣ್ಣೊರೆಸಿಕೊಂಡಳು. "ಗಾಡಿ ತೆಗಿಯಮ್ಮ," ಎಂದಳು ಸೊಸೆಗೆ. ಕೊನೆಯದು ಒಂಟಿಯೋ ಜೋಡಿಯೋ ಎಂದು ಯಾರೂ ಕೇಳಲಿಲ್ಲ.

ಕಾರಿನಲ್ಲಿ ಅವಳೇ ಹೇಳಿದಳು. "ಊದಕ್ಕೆ ಆಗ್ದೆ ಹೋದ್ರೆ ಆಸ್ಪತ್ರೆ ಒಳಗೇ ಮಲಗಿಸ್ಕೊಂಬುಡ್ತಾರೆ ಅಂತ ಭಯ ಕಣ್ಲಾ." ಚಿಂತೆ ಮಾಡುವ ನನ್ನ ಗುಣ ಯಾರ ಕಡೆಯಿಂದ ಬಂದದ್ದೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಪರೀಕ್ಷೆ ಮಾಡುವ ಹುಡುಗಿ ತಮಿಳಿನವಳು. ಬಾಯಿಗೆ ಕೊಳವೆ ಕೊಟ್ಟು, ಮೂಗಿಗೆ ಕ್ಲಿಪ್ಪು ಹಾಕಿ, "ಪಾಟಿ, ಮೂಚ್ಚ ಇಳುಂಗ," ಎಂದಳು. ಉಸಿರನ್ನು ಒಳಗೆ ಎಳೆದುಕೊಳ್ಳಿ ಅಜ್ಜಿ, ಎಂದು. ಅವ್ವ ಕ್ಲಿಪ್ಪಿನ ಸಮೇತ ಕುರ್ಚಿಯಿಂದ ಇಳಿದು ನಿಂತಳು.

"ಯಾಕವ್ವಾ?"

"ಇಳಿ ಅಂದ್ಲಲ್ಲ," ಎಂದಳು, ಮೂಗು ಕಟ್ಟಿದ ದನಿಯಲ್ಲಿ.

ಹುಡುಗಿಗೆ ನಗು ತಡೆಯಲಾಗಲಿಲ್ಲ. ಮತ್ತೆ ಕೂರಿಸಿ, "ಊದುಂಗ, ಊದುಂಗ, ಊದುಂಗ, ಇನ್ನುಂ, ಇನ್ನುಂ," ಎಂದು ಹುರಿದುಂಬಿಸತೊಡಗಿದಳು. ಈ ಸಲ ಭಾಷೆಯ ತೊಡಕಿರಲಿಲ್ಲ. ಅವ್ವ ಊದಿದಳು, ಅವಳ ಜೊತೆ ಹೆಂಡತಿ ಊದಿದಳು, ಸರದಿಗೆ ಕಾದಿದ್ದ ಸೂಳಗಿರಿಯ ಯಜಮಾನರೊಬ್ಬರು ಕೆನ್ನೆ ಉಬ್ಬಿಸಿ ಊದಿದರು. ನಾನು ಎಲ್ಲರಿಗಿಂತ ಹೆಚ್ಚು ಊದಿ, ಕಣ್ಣು ಕತ್ತಲಿಟ್ಟು ಗೋಡೆಗೆ ಒರಗಿದೆ. "ಸಾರ್, ನೀಂಗ ಉಕ್ಕಾರುಂಗ," ನೀವು ಕೂತ್ಕೊಳ್ಳಿ ಎಂದು ಹುಡುಗಿ ನನಗೊಂದು ಸ್ಟೂಲು ತಳ್ಳಿದಳು. ಕಂಪ್ಯೂಟರ್ ಪರದೆಯ ಮೇಲೆ ಅವ್ವನ ಉಸಿರಿನ ಗೆರೆ ಸ್ವಲ್ಪ ಏರಿ, ಸುಸ್ತಾಗಿ ಬಗ್ಗಿತು.

ಆಮೇಲೆ ಔಷಧಿಯನ್ನು ಹೊಗೆಯಂತೆ ಒಳಗೆಳೆದುಕೊಳ್ಳಲು ಕೊಟ್ಟು, ಸ್ವಲ್ಪ ಹೊತ್ತು ಕಾಯಿಸಿದರು. ಡಾಕ್ಟರು ಬಂದು, ಒಳಗೆ ಶ್ವಾಸನಾಳದ ಕೊಂಬೆಗಳು ಬಿಗಿದುಕೊಂಡಿವೆ, ಬಹಳ ವರ್ಷ ಸೌದೆ ಒಲೆ ಊದಿದ್ದೀರಾ ಎಂದು ಕೇಳಿದರು. "ಊದುಗೊಳವೇಲಿ," ಎಂದಳು ಅವ್ವ. "ಹಸಿ ಸೌದೇನೂ ಹತ್ತಿಸ್ಬುಡ್ತಿದ್ದೆ."

ಎರಡನೆಯ ಸಲ ಅವಳು ಕೊಳವೆಯನ್ನು ತಾನೇ ಕೈಯಲ್ಲಿ ಹಿಡಿದಳು. ಬೆರಳುಗಳನ್ನು ಸರಿಯಾಗಿ ಕೂರಿಸಿ, ಒಲೆಯ ಮುಂದೆ ಬಗ್ಗುವಂತೆ ಬಗ್ಗಿ, ಊದಿದಳು. ಗೆರೆ ಮೊದಲಿನ ಗೆರೆಯನ್ನು ದಾಟಿ ಮೇಲೆ ಹೋಯಿತು, ಇನ್ನೂ ಹೋಯಿತು. ಡಾಕ್ಟರು ತಲೆಯಾಡಿಸಿ, ಔಷಧಿಗೆ ಬಗ್ಗುವ ಬಿಗಿತವೇ ಇದು, ದಿನಾ ಎಳೆದುಕೊಂಡರೆ ಸಾಕು, ಮಲಗಿಸಿಕೊಳ್ಳುವಂಥದ್ದೇನಿಲ್ಲ ಎಂದರು.

ಅವ್ವ ಪರದೆಯನ್ನು ನೋಡುತ್ತಲೇ ಇದ್ದಳು. "ಅಷ್ಟೂ ನಾನೇ ಊದಿದ್ದೇನ್ಲಾ ಅದು, ಇಲ್ಲಾ ನೀವ್ಯಾರಾದ್ರೂ ಸೇರ್ಕೊಂಡ್ರಾ?" ಎಂದು, ಒಂದೇ ಉಸಿರಿಗೆ ಕೇಳಿದಳು.