ಮುದ್ದೆ ಬೇಯುವಷ್ಟರಲ್ಲಿ ಒಂದು ಪಂಚರ್

ಕಳೆದ ಭಾನುವಾರ ಬೆಳಿಗ್ಗೆ ನನ್ನ ಮಗ ಮಾದೇವ, ಗುಂಡ್ಲುಪೇಟೆಯ ನಮ್ಮ ಮನೆಯ ಮುಂದೆ, ಬೀದಿಯವರೆಲ್ಲ ನೋಡುತ್ತಿರುವಾಗಲೇ ತನ್ನ ಮಗಳ ಬೈಕಿನ ಟೈರಿಗೆ ಮೊಳೆ ಹೊಡೆದ.

ಗಾಬರಿಯಾಗಬೇಡಿ. ಜಗಳವೇನಿಲ್ಲ. ಅಪ್ಪ ಮಗಳು ಇಬ್ಬರೂ ಒಪ್ಪಿ ನಡೆದ ಕೆಲಸ. ಮೊಳೆ ತಂದುಕೊಟ್ಟವಳೂ ಮಗಳೇ. (ಸುತ್ತಿಗೆ ಮಾತ್ರ ನನ್ನದು. ಬೆಲ್ಲ ಕುಟ್ಟಲು ಇಟ್ಟುಕೊಂಡದ್ದು.)

ಯಾಕೆ ಹೊಡೆದ ಅಂತ ಹೇಳುತ್ತೇನೆ, ಇರಿ. ಈ ವಾರ ನನಗೆ ಎಷ್ಟು ಸಂತೋಷವಾಗಿದೆ ಅಂದರೆ, ನಿಮಗೆ ಹೇಳದಿದ್ದರೆ ತಿಂದ ಅನ್ನ ಕೆಳಗಿಳಿಯುವುದಿಲ್ಲ. ನಾಲ್ಕನೇ ಕ್ಲಾಸಿಗೇ ಸ್ಲೇಟು ಇಟ್ಟುಬಂದವಳು ನಾನು. ಅಕ್ಷರ ಎಲ್ಲಾದರೂ ಕುಂಟಿದರೆ, ಪ್ರತಿ ವಾರದ ಹಾಗೆ ನೀವೇ ಕೈ ಹಿಡಿದು ನಡೆಸಿಕೊಳ್ಳಿ.

ನನ್ನ ಮೊಮ್ಮಗಳು ಸವಿತ. ಚಾಮರಾಜನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ದಿನಾ ಹೋಗಿ ಬರಲು ಗಾಡಿ ಬೇಕು. ಬೇರೆ ಹುಡುಗಿಯರ ಹಾಗೆ ಒಂದು ಸಣ್ಣ ಸ್ಕೂಟಿ ತರಬಾರದಾ? ಇವಳು ತಂದದ್ದು ಹಳ್ಳ, ದಿಣ್ಣೆ, ಕಲ್ಲು, ಮಣ್ಣು ಏನಿದ್ದರೂ ಹತ್ತಿ ಇಳಿಯುವ ಜಾತಿಯ ಎತ್ತರದ ಬೈಕು. ಅಡ್ವೆಂಚರ್ ಬೈಕ್ ಅನ್ನುತ್ತಾಳೆ. ಮೈಸೂರಿನಲ್ಲಿ ಯಾರೋ ಓಡಿಸಿ ಬಿಟ್ಟದ್ದು. ನಾನು ಅದರ ಮೇಲೆ ಕೂರಬೇಕಾದರೆ ಗಾಡಿಯನ್ನು ಜಗಲಿಗೆ ಒತ್ತಿ ನಿಲ್ಲಿಸಬೇಕು, ನಾನು ಜಗಲಿಯ ಮೇಲಿಂದ ಸೀಟಿಗೆ ಜಾರಬೇಕು. ಇಳಿಯಬೇಕಾದರೆ ಹೋದ ಊರಿನಲ್ಲಿ ಇನ್ನೊಂದು ಜಗಲಿ ಹುಡುಕಬೇಕು.

ಹೋದ ತಿಂಗಳು ಊಟಕ್ಕೆ ಕೂತಾಗ ಈ ಹುಡುಗಿ ಒಂದು ಮಾತು ತೆಗೆದಳು.

“ಅಪ್ಪ, ಮದ್ದೂರು ದಾಟ್ಕಂಡು ಕೇರಳಕ್ಕೆ ಓಗಿ ಸಮುದ್ರ ನೋಡ್ಕ ಬತ್ತೀನಿ. ಬೈಕಲ್ಲಿ. ಒಬ್ಳೇ.”

ಕೋಳಿಕೋಡಿನಲ್ಲಿ ಅವಳ ಜೊತೆ ಓದಿದ ಶೈನಿ ಅನ್ನುವ ಹುಡುಗಿಯ ಮನೆ ಇದೆ. ರಾತ್ರಿ ಅಲ್ಲಿದ್ದು ಮಾರನೆಯ ದಿನ ವಾಪಸ್ಸು. ಇಷ್ಟೇ. ಆದರೆ ಮದ್ದೂರು (ವಡೆಯ ಮದ್ದೂರಲ್ಲ, ಕೇರಳದ ಗಡಿಯ ಕಡೆಯ ನಮ್ಮ ಮದ್ದೂರು) ಅಂದರೆ ಕಾಡು, ಕಾಡು ಅಂದರೆ ಆನೆ. ಮಾದೇವ ತುತ್ತು ಕೈಯಲ್ಲೇ ಹಿಡಿದು ಮಗಳನ್ನು ನೋಡಿದ. ಅವನು ಹೈಸ್ಕೂಲು ಮೇಷ್ಟ್ರು. ಏನು ಹೇಳಿದರೂ ನಂಬರ್ ಹಾಕಿಯೇ ಹೇಳುವುದು.

“ಒಂದು, ಆ ಹೆಲ್ಮೆಟ್ ತಲೆಗೆ ಕವುಚ್ಕಂಡ್ರೆ ನಿಂಗೆ ಏನೂ ಕೇಳಾಕಿಲ್ಲ. ಹಿಂದೆ ಲಾರಿಯೋನು ಹಾರನ್ ಹೊಡುದ್ರೂ ಇಲ್ಲ, ಪಕ್ಕದಲ್ಲಿ ಆನೆ ಕಿರುಚುದ್ರೂ ಇಲ್ಲ. ಎರಡು, ಕಾಡಿನ ಮಧ್ಯ ಪಂಚರ್ ಆದ್ರೆ ಏನ್ಮಾಡೀಯೆ? ಅಲ್ಲಿ ಪಂಚರ್ ಅಂಗಡಿ ಇಟ್ಕಂಡು ಕೂತವ್ರಾ?”

“ಎರಡಕ್ಕೂ ದಾರಿ ಮಾಡ್ಕಂಡ್ರೆ ಕಳಿಸ್ತೀಯಾ?”

“ಮಾಡ್ಕ, ನೋಡನ” ಅಂದುಬಿಟ್ಟ. ಅವಳ ಕೈಲಾಗುವುದಿಲ್ಲ ಅಂತಲೇ ಅಂದದ್ದು. ಆದರೆ ಮೇಷ್ಟ್ರು ಬಾಯಿಬಿಟ್ಟು ಅಂದ ಮೇಲೆ ಅದು ಪ್ರಶ್ನೆಪತ್ರಿಕೆ ಅಲ್ಲವೇ? ಸವಿತ ಅಂದಿನಿಂದಲೇ ಓದಲು ಕೂತ ಹಾಗೆ ತಯಾರಿಗೆ ಕೂತಳು.

ನಾನು ಯಾರ ಪಕ್ಷ ಅಂತ ಕೇಳಬೇಡಿ. ಕೇಳುವ ಮಾತೇ?

ಮೊದಲನೇ ಪ್ರಶ್ನೆಗೆ ನಾನೇ ಕೈ ಹಾಕಿದೆ. ಹೆಲ್ಮೆಟ್ ಅಂದರೆ ನಮ್ಮ ಕಡೆ ಪೊಲೀಸು ಕಂಡಾಗ ತಲೆಗೆ, ಪೊಲೀಸು ದಾಟಿದ ಮೇಲೆ ಕನ್ನಡಿಗೆ. ಅದರೊಳಗೆ ಏನಿದೆ ಅಂತ ನೋಡೋಣವೆಂದು, ಶೈನಿಗೆಂದು ತಂದಿಟ್ಟಿದ್ದ ಇನ್ನೊಂದು ಹೆಲ್ಮೆಟನ್ನು ನಾನೇ ಹಾಕಿಕೊಂಡು ಒಂದು ದಿನ ಅವಳ ಹಿಂದೆ ಚಾಮರಾಜನಗರಕ್ಕೆ ಹೊರಟೆ. ಊರು ದಾಟುವವರೆಗೆ ಸುಮ್ಮನಿತ್ತು. ಆಮೇಲೆ ಶುರುವಾಯಿತು ನೋಡಿ ಗಾಳಿ! ರಾಗಿ ಮಿಲ್ಲಿನ ಬಾಯೊಳಗೆ ತಲೆ ಇಟ್ಟ ಹಾಗೆ. ಬರ್ರ್ ಅಂತ ಒಂದೇ ಸಮ.

ಅದರ ನಡುವೆಯೂ ನಾನು ಸುಮ್ಮನೆ ಕೂರಲಿಲ್ಲ. ಭೀಮನಬೀಡಿನ ನಮ್ಮ ನೆಂಟರ ಎಮ್ಮೆ ಕರು ಹಾಕಿದ್ದು, ಅವರ ಸೊಸೆ ಅರಿಸಿನ ಬೇಯಿಸುವಾಗ ಜಗಳ ತೆಗೆದದ್ದು, ಎಲ್ಲ ಹೇಳಿದೆ. ತೆರಕಣಾಂಬಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಸವಿತ ಹೆಲ್ಮೆಟ್ ತೆಗೆದು ನನ್ನ ಮುಖ ನೋಡಿದಳು.

“ಅಜ್ಜಿ, ಇವತ್ತೇನು ಇಷ್ಟು ಸೈಲೆಂಟು? ಭಯ ಆಯ್ತಾ?”

“ಅಯ್ಯೋ ನಿನ್ನ! ಊರ್ ಬುಟ್ಟಾಗಿಂದ ಒಂದೇ ಸಮ ಒದರ್ತಾವ್ನಿ ಕಣಮ್ಮಿ!”

ನನ್ನ ಬಾಯಿಗೆ ಎದುರಾಳಿ ಸಿಕ್ಕಿದ್ದು ಜೀವನದಲ್ಲಿ ಅದೇ ಮೊದಲು. (ನನ್ನ ಯಜಮಾನರು ಇದ್ದಾಗ ಇಂಥದ್ದೊಂದು ಸಿಕ್ಕಿದ್ದರೆ ದಿನಾ ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದರು.)

ಟೀ ಕುಡಿಯುತ್ತಾ ಅವಳೇ ಬಿಡಿಸಿ ಹೇಳಿದಳು. ಸದ್ದು ಮುಂದಿನಿಂದ ಬರುವುದಲ್ಲವಂತೆ. ಕತ್ತಿನ ಹತ್ತಿರ ಸಂದಿ ಇರುತ್ತದಲ್ಲ, ಗಾಳಿ ಅಲ್ಲಿಂದ ಮೇಲಕ್ಕೆ ನುಗ್ಗಿ ಒಳಗೇ ಸುತ್ತುತ್ತದಂತೆ. ಸಂಜೆ ಮನೆಗೆ ಬಂದರೂ ಕಿವಿಯಲ್ಲಿ ಗುಂಯ್ ಅನ್ನುತ್ತದಂತೆ. ಇಷ್ಟು ದಿನ ನಾವು ಕರೆದಾಗ ಓಗೊಡದಿದ್ದಕ್ಕೆ ಪೊಗರು ಅಂದುಕೊಂಡಿದ್ದೆವಲ್ಲ!

ಮನೆಗೆ ಬಂದವಳೇ ನನ್ನ ಹಳೇ ಹತ್ತಿ ಸೀರೆ ಹರಿದೆ. ಬಟ್ಟೆಯನ್ನು ಹೆಲ್ಮೆಟ್ಟಿನೊಳಗೇ ತುರುಕಿದೆ. ಅದು ಅವಳ ತಲೆಗೆ ಇಳಿಯದೆ, ಮೊಟ್ಟೆ ಮೇಲೆ ಕೂತ ಕೋಳಿಯ ಹಾಗೆ ನೆತ್ತಿಯ ಮೇಲೆ ಕೂತಿತು. ಸರಿ, ಬಟ್ಟೆ ಕಿತ್ತು ಸಿಂಬೆ ಸುತ್ತಿದೆ. ನೀರಿನ ಕೊಡ ಹೊರುವಾಗ ತಲೆ ಮೇಲೆ ಇಟ್ಟುಕೊಳ್ಳುತ್ತೇವಲ್ಲ, ಆ ಬಟ್ಟೆಯ ಸುರುಳಿ. ಅದನ್ನು ತಲೆಯ ಬದಲು ಕತ್ತಿಗೆ ಹಾಕಿದೆ.

“ಅಜ್ಜಿ, ಕತ್ತೇ ತಿರುಗ್ತಾ ಇಲ್ಲ. ಕನ್ನಡಿ ನೋಡಕ್ಕೂ ಸೊಂಟ ತಿರುಗಿಸ್ಬೇಕು!”

ಮತ್ತೆ ಬಿಚ್ಚಿದೆ, ತೆಳ್ಳಗೆ ಸುತ್ತಿದೆ. ಮಾರನೆಯ ಸಂಜೆ ಬಂದು, “ಮಿಲ್ಲು ಪಕ್ಕದ ಬೀದಿಗೆ ಓಯ್ತು ಕಣಜ್ಜಿ” ಅಂದಳು. ಪೂರ್ತಿ ನಿಂತಿರಲಿಲ್ಲ. ಆದರೆ ಗಾಳಿಯ ಸದ್ದು ಇಳಿದ ಮೇಲೆ ಬೇರೆ ಸದ್ದು ಕೇಳುತ್ತಿತ್ತು. ಮಾದೇವ ನಂಬುತ್ತಾನೆಯೇ? ತನ್ನ ಸ್ಕೂಟರಿನಲ್ಲಿ ಅವಳ ಹಿಂದೆ ಊರಾಚೆಗೆ ಹೋದ. ಹಾರನ್ ಹೊಡೆದಾಗೆಲ್ಲ ಅವಳು ಕೈ ಎತ್ತಬೇಕು. ಹೊಡೆದಷ್ಟು ಸಲವೂ ಎತ್ತಿದಳಂತೆ. ಮನೆಗೆ ಬಂದು ಚಪ್ಪಲಿ ಬಿಡುತ್ತಾ, ಯಾರೋ ನೆಂಟರು ತೀರಿಕೊಂಡ ಸುದ್ದಿ ತಂದವನ ಹಾಗೆ ಹೇಳಿದ: “ಒಂದ್ರಲ್ಲಿ ಪಾಸು.”

ಉಳಿದದ್ದು ಪಂಚರ್. ಅದಕ್ಕೇ ಭಾನುವಾರದ ಮೊಳೆ.

“ಸುಳ್ಳು ಪಂಚರ್ ಬ್ಯಾಡ” ಅಂದ ಮಾದೇವ. “ನಾನೇ ಹೊಡೀತೀನಿ. ನಿಮ್ಮವ್ವ ಒಲೆ ಮೇಲೆ ಎಸರಿಡ್ಲಿ. ಮುದ್ದೆ ಕಟ್ಟೋ ಹೊತ್ಗೆ ಗಾಡಿ ಚಕ್ರದ ಮೇಲೆ ನಿಂತಿರ್ಬೇಕು. ಇಲ್ಲಾಂದ್ರೆ ಆನೆ ಬಂತು ಅಂತ್ಲೇ ಲೆಕ್ಕ.”

ಆನೆಗೂ ಮುದ್ದೆಗೂ ಏನು ಸಂಬಂಧ ಅಂತ ನಾನು ಕೇಳಿದೆ. ಪರೀಕ್ಷೆಯ ಹೊತ್ತಿನಲ್ಲಿ ಮಾತಾಡಬಾರದು ಅಂದ.

ಟೈರು ಪುಸ್ ಅಂದಿತು. ಸವಿತ ಚಕ್ರ ಬಿಚ್ಚಿದಳು. ಲಿವರ್ ಅನ್ನುವ ಕಬ್ಬಿಣದ ಪಟ್ಟಿ ಹಾಕಿ ಟೈರಿನ ಅಂಚು ಎಬ್ಬಿಸಿದಳು. ಒಳಗಿನ ಟ್ಯೂಬನ್ನು ಕುರಿ ಕರುಳು ಎಳೆದ ಹಾಗೆ ಎಳೆದಳು. ಗಾಳಿ ತುಂಬಿ ನನ್ನ ಪಾತ್ರೆ ತೊಳೆಯುವ ಬೇಸಿನ್ನಿನಲ್ಲಿ ಮುಳುಗಿಸಿದಳು. ಗುಳುಗುಳು ಅಂತ ಗುಳ್ಳೆ ಬಂದ ಕಡೆ ಗುರುತು. ಉಜ್ಜಿದಳು, ಸಲ್ಯೂಷನ್ ಹಚ್ಚಿದಳು, ಒಣಗಲಿ ಅಂತ ಊದಿದಳು. ಜಗಲಿ ತುಂಬ ಜನ.

“ಏನ್ ಮೇಷ್ಟ್ರೇ, ಮಗ್ಳಿಗೆ ಅಂಗ್ಡಿ ಹಾಕ್ಕೊಡ್ತಿದ್ದೀರಾ?” ಅಂದ ಎದುರುಮನೆ ಪುಟ್ಟಸ್ವಾಮಿ.

“ನಿಮ್ಗಾದ್ರೆ ಫ್ರೀ ಮಾವ. ಆ ನಿಮ್ ತುಕ್ಕಿಡ್ದಿರೋ ಸೈಕಲ್ ತನ್ನಿ” ಅಂದಳು ಸವಿತ, ತಲೆ ಎತ್ತದೆ.

ನನಗೆ ನನ್ನನ್ನು ನೋಡಲು ಬಂದವರ ನೆನಪಾಯಿತು. ನಡೆಸಿ ನೋಡಿದ್ದರು. ಜಡೆ ಬಿಚ್ಚಿಸಿ ನೋಡಿದ್ದರು. ಮೊರದಲ್ಲಿ ಅಕ್ಕಿ ಕೊಟ್ಟು ಕಲ್ಲು ಆರಿಸಲು ಹೇಳಿದ್ದರು. ಆವತ್ತು ಪಾಸಾದರೆ ಒಂದು ಮನೆಯ ಒಳಗೆ ಹೋಗುವುದು. ಇವಳು ಪಾಸಾದರೆ ಮನೆಯ ಹೊರಗೆ ಹೋಗುತ್ತಾಳೆ. ಪರೀಕ್ಷೆ ಬಿಟ್ಟಿಲ್ಲ ನಮ್ಮನ್ನು, ಬಾಗಿಲಾದರೂ ಬದಲಾಯಿತಲ್ಲ ಅಂತ ಸಮಾಧಾನ.

ಇತ್ತ ಒಳಗೆ ಎಸರು ಕಾಯುತ್ತಲೇ ಇಲ್ಲ.

“ಇನ್ನೂ ಎಷ್ಟೊತ್ತು?” ಮಾದೇವ ಕೂಗಿದ.

“ಗ್ಯಾಸ್ ಮುಗಿಯಂಗದೆ ಕಣ್ರೀ, ಉರೀನೇ ಬತ್ತಾ ಇಲ್ಲ” ಅಂದಳು ನನ್ನ ಸೊಸೆ ಜಯ, ಒಳಗಿಂದ.

“ಸಿಲಿಂಡರ್ ಮೊನ್ನೆ ತಾನೇ ಬಂದದೆ!”

“ಅದ್ಕೇ ಕಣ್ರೀ, ಹೊಸ್ದು. ಇನ್ನೂ ಅಭ್ಯಾಸ ಆಗಿಲ್ಲ.”

ಬೀದಿಗೆ ಬೀದಿಯೇ ನಕ್ಕಿತು. ಮಾದೇವ ಎದ್ದು ಹೋಗಿ ತಾನೇ ಉರಿ ದೊಡ್ಡದು ಮಾಡಿ ಬಂದ.

ಸವಿತ ತೂತಿಗೆ ತೇಪೆ ಅಂಟಿಸಿ, ಟ್ಯೂಬು ಒಳಗೆ ಹಾಕಿ, ಟೈರು ಕೂರಿಸಿ, ಕಾಲಿನ ಪಂಪಿನಲ್ಲಿ ಗಾಳಿ ತುಂಬಿದಳು. ಟೈರು ಉಬ್ಬಿತು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಟೈರು ಹಾಗೇ ಮೆಲ್ಲಗೆ, ಮೆಲ್ಲಗೆ ಕೂತುಕೊಂಡಿತು. ಕೂರಿಸುವಾಗ ಲಿವರು ಟ್ಯೂಬನ್ನು ಕಚ್ಚಿ ಇನ್ನೊಂದು ತೂತು ಮಾಡಿತ್ತು.

ಒಳಗಿಂದ ಮುದ್ದೆಯ ವಾಸನೆ ಬಂತು.

“ಆನೆ ಬಂತು” ಅಂದ ಮಾದೇವ, ಮೆತ್ತಗೆ. ಎದ್ದು ಒಳಗೆ ಹೋದ.

ಅವಳು ಅಳಲಿಲ್ಲ. ಸೆರಗಿಲ್ಲ ನೋಡಿ, ಚೂಡಿದಾರದ ತೋಳಿನಲ್ಲಿ ಬೆವರು ಒರೆಸಿಕೊಂಡು ಮತ್ತೆ ಚಕ್ರಕ್ಕೆ ಕೈ ಹಾಕಿದಳು. ಯಾರು ಮಾಡು ಅಂದರು? ಫೇಲಾಗಿತ್ತಲ್ಲ, ಮುಗಿದಿತ್ತಲ್ಲ? ಅವಳಿಗೆ ಮುಗಿದಿರಲಿಲ್ಲ.

ಒಳಗೆ ಮಾದೇವ ತಟ್ಟೆ ಮುಂದೆ ಕೂತ. ಜಯ ಬಡಿಸಲಿಲ್ಲ. “ಮಗ ಬರ್ಲಿ” ಅಂದಳು. (ನಮ್ಮಲ್ಲಿ ಮುದ್ದು ಬಂದರೆ ಮಗಳೂ ಮಗನೇ.) ಎಷ್ಟು ಹೊತ್ತು ಖಾಲಿ ತಟ್ಟೆ ನೋಡಿಯಾನು? ಎದ್ದು ಹೊರಗೆ ಬಂದ. ಮಗಳ ಪಕ್ಕ ಕುಕ್ಕರಗಾಲಿನಲ್ಲಿ ಕೂತ. “ಎಲ್ ಹಿಡ್ಕಬೇಕು?” ಅಂದ.

“ಇಲ್ಲಿ ಮಂಡಿ ಕೊಟ್ಟು ಒತ್ತಪ್ಪ. ಟೈರ್ ಒಳಕ್ಕೆ ಬೀಳ್ಲಿ. ಆಗ ಲಿವರ್ ಕಚ್ಚಾಕಿಲ್ಲ.”

ನನಗೆ ಬಾಯಿ ತಡೆಯಲಿಲ್ಲ. “ಲೋ ಮಾದೇವ, ನೀನು ಮದ್ದೂರ್ ಕಡೆ ಇಸ್ಕೂಲಲ್ಲಿ ಇದ್ದಾಗ ದಿನಾ ಅದೇ ಕಾಡ್ ದಾರೀಲಿ ಓಗ್ತಿದ್ದೆಯಲ್ಲ, ನಿಂಗೆ ಯಾರ್ಲಾ ಮೊಳೆ ಹೊಡುದ್ರು?”

“ನನ್ ಸ್ಕೂಟರಲ್ಲಿ ಸ್ಟೆಪ್ನಿ ಇತ್ತು ಕಣವ್ವ.”

“ಅದ್ರಲ್ಲಿ ಗಾಳಿ ಇತ್ತಾ?” ಅಂದ ಪುಟ್ಟಸ್ವಾಮಿ.

ಗಾಳಿ ಇಲ್ಲದ ಸ್ಟೆಪ್ನಿಯನ್ನು ವರ್ಷಗಟ್ಟಲೆ ಹೊತ್ತು ತಿರುಗಿದವನು ನನ್ನ ಮಗ. ಇಡೀ ಬೀದಿಗೆ ಗೊತ್ತು. ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ, ಮೊಣಕಾಲಿನಡಿ ಟೈರು ಹಿಡಿದುಕೊಂಡು.

ಈ ಸಲ ಟೈರು ಉಬ್ಬಿದ್ದು ಉಬ್ಬಿದ ಹಾಗೇ ನಿಂತಿತು. ಎಲ್ಲರೂ ಆರಿದ ಮುದ್ದೆ ತಿಂದೆವು. ತಟ್ಟೆಯಿಂದ ತಲೆ ಎತ್ತದೆ ಮಾದೇವ ಹೇಳಿದ:

“ಬುಧವಾರ ಒಂಟೀಯಾ? ಬೆಳಕರುದ್ಮೇಲೆ ಒರ್ಡು. ಕಾಡಲ್ಲಿ ಎಲ್ಲೂ ನಿಲ್ಲಿಸ್ಬ್ಯಾಡ.”

ಬುಧವಾರ ಹೊರಟಳು. ಜಗಲಿ ಮೇಲೆ ನಿಂತು ಕೈ ಬೀಸಿದವಳು ನಾನು. ಆವತ್ತು ಮಾದೇವ ಶಾಲೆ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಕೇರಳದಿಂದ ಬಂದ ಬಸ್ಸಿನವರನ್ನೆಲ್ಲ ‘ದಾರೀಲಿ ಎತ್ತರದ ಬೈಕು ಕಂಡ್ರಾ?’ ಅಂತ ಕೇಳಿದನಂತೆ. ಅವರು ಮಲಯಾಳದಲ್ಲಿ ಏನು ಹೇಳಿದರೋ, ಇವನಿಗೆ ಏನು ತಿಳಿಯಿತೋ. ಆಮೇಲೆ ಅವಳೇ ಮೊಬೈಲಿಗೆ ಫೋನ್ ಮಾಡಿದಳು, ತಲುಪಿದೆ ಅಂತ.

ಗುರುವಾರ ಸಂಜೆ ಮನೆ ಮುಂದೆ ಗಾಡಿ ನಿಂತಿತು. ಮುಖವೆಲ್ಲ ಧೂಳು, ಹಲ್ಲು ಮಾತ್ರ ಬಿಳಿ. ನನಗೆ ಕಣ್ಣಲ್ಲಿ ನೀರು. ಮಾದೇವ ಬೈಕನ್ನು ಒಂದು ಸುತ್ತು ಹಾಕಿ ಟೈರುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

“ಪಂಚರ್ ಆಯ್ತಾ?”

“ಇಲ್ಲಪ್ಪ, ಎಲ್ಲೂ ಆಗ್ಲಿಲ್ಲ.”

ನನ್ನ ಮಗನ ಮುಖ ನೀವು ನೋಡಬೇಕಿತ್ತು. ಅಷ್ಟು ಕಷ್ಟಪಟ್ಟು ಪಾಠ ಮಾಡಿದ ಪ್ರಶ್ನೆ ಪರೀಕ್ಷೆಗೇ ಬರಲಿಲ್ಲವಲ್ಲ ಅನ್ನುವ ಬೇಜಾರು!

ರಾತ್ರಿ ಊಟವಾಯಿತು. ಎಲ್ಲರೂ ಏಳುತ್ತಿದ್ದರೂ ಅವನು ಕೂತೇ ಇದ್ದ. ನಮ್ಮ ಬಾಗಿಲ ಮುಂದಿನ ರಸ್ತೆಯೇ ಕೇರಳಕ್ಕೆ ಹೋಗುವುದು. ಅರಬ್ಬೀ ಸಮುದ್ರ ಅಂತ ಬೋರ್ಡಿನ ಮೇಲೆ ನೀಲಿ ಚಾಕ್‌ಪೀಸಿನಲ್ಲಿ ಬಳಿದು ಬಳಿದು ಈ ತಾಲ್ಲೂಕಿನ ಮಕ್ಕಳಿಗೆಲ್ಲ ಪಾಠ ಹೇಳಿದವನು ಅವನು. ಮಗಳ ಕಡೆ ನೋಡದೆ, ತಟ್ಟೆಯ ಅಂಚು ಸವರುತ್ತಾ ಕೇಳಿದ:

“ಸವಿ, ಸಮುದ್ರ ನಿಜವಾಗ್ಲೂ ನೀಲಿಯಾಗೇ ಅದಾ?”

ಹೋಗಬೇಡ ಅಂತ ಅವನಿಗೆ ಯಾರೂ ಹೇಳಿರಲಿಲ್ಲವಲ್ಲ, ಮತ್ತೆ ಇಷ್ಟು ವರ್ಷ ಅವನೇಕೆ ಹೋಗಲಿಲ್ಲ?