ಎಡ ಗಾಲಿಯೋ, ಬಲ ಗಾಲಿಯೋ

ಮೊನ್ನೆ ಮುಳಗುಂದ ನಾಕಾದ ಹತ್ತಿರ ಬ್ರೇಕ್ ಒತ್ತಿದೆ. ಕಿರ್ರ್ ಎಂಬ ಸದ್ದು, ಹಿಂದೆಯೇ ಸುಟ್ಟ ವಾಸನೆ. ಬೆಟಗೇರಿಯ ಮಿಸ್ತ್ರಿ ಚಾಚಾ ನೆನಪಾದರು. ಅವರು ತೀರಿಕೊಂಡು ಮೂರು ವರ್ಷವಾಯಿತು. ಅವರನ್ನು ನೆನೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ...

ಶಿರಹಟ್ಟಿ ತಾಲೂಕಿನ ಶಾಲೆಯೊಂದರಲ್ಲಿ ನಾನು ಶಿಕ್ಷಕಿ. ದಿನಾ ಗದಗಿನಿಂದ ಕಾರಿನಲ್ಲಿ ಓಡಾಟ. ಬ್ರೇಕ್ ಕಿರುಗುಟ್ಟಿದಾಗಲೆಲ್ಲ ಚಾಚಾರ ಗ್ಯಾರೇಜೇ ಗತಿ. ಬೇರೆಯವರಂತೆ ಅವರು ಕಾರು ಬಂದ ಕೂಡಲೇ ಗಾಲಿ ಬಿಚ್ಚುತ್ತಿರಲಿಲ್ಲ. ನನ್ನ ಪಕ್ಕ ಕುಳಿತು, ಗ್ಯಾರೇಜಿನ ಹಿಂದಿದ್ದ ಹಳೆಯ ಹತ್ತಿ ಗಿರಣಿಯ ಉದ್ದನೆಯ ಗೋಡೆಯ ಪಕ್ಕ ಕಾರು ಓಡಿಸಲು ಹೇಳುತ್ತಿದ್ದರು.

“ಕಿಡಕಿ ಇಳಸ್ರಿ ಅಕ್ಕಾರ. ಬ್ರೇಕ್ ಮ್ಯಾಲೆ ಹಗೂರಕ ಕಾಲಿಡ್ರಿ. ಮಾತಾಡಬ್ಯಾಡ್ರಿ.”

ಹೋಗುವಾಗ ಗೋಡೆ ಎಡಕ್ಕೆ, ಬರುವಾಗ ಬಲಕ್ಕೆ. ಗೋಡೆಗೆ ಬಡಿದು ಬರುವ ಸದ್ದು ಯಾವ ಕಡೆ ಜೋರೋ, ಆ ಕಡೆಯ ಮುಂದಿನ ಗಾಲಿಯ ಬ್ರೇಕ್ ಪ್ಯಾಡು ಸವೆದಿದೆ ಎಂದರ್ಥ. “ಗ್ವಾಡಿ ಸುಳ್ಳ ಹೇಳಂಗಿಲ್ರಿ” ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಗಾಲಿ.

ಒಂದು ಸಲ ತಪ್ಪಿತು. ಎಡಗಡೆ ಎಂದು ಬಿಚ್ಚಿದರು. ಪ್ಯಾಡು ದಪ್ಪಗೇ ಇತ್ತು. ಸದ್ದು ಬಲಗಡೆಯದೆಂದು ನನಗೇ ಸ್ಪಷ್ಟವಾಗಿ ಕೇಳಿಸಿತ್ತು. ಚಾಚಾ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟರು.

“ಕಿವಿ ಕೈ ಕೊಡಾಕತ್ತಾವ್ರಿ ಅಕ್ಕಾರ. ಯಾರ ಮುಂದೂ ಹೇಳಬ್ಯಾಡ್ರಿ. ಮಂದಿ ಬರೂದ ಈ ಕಿವಿ ನಂಬಿ.”

ಇನ್ನು ಮುಂದೆ ಎಲ್ಲರ ಗಾಡಿಗೂ ಎರಡೂ ಗಾಲಿ ಬಿಚ್ಚಿಯೇ ನೋಡುತ್ತೇನೆ ಎಂದರು. ಆಮೇಲೆ ಗೋಡೆಯ ಪಕ್ಕ ಇನ್ನೊಮ್ಮೆ ಕರೆದುಕೊಂಡು ಹೋಗಿ, ಹೇಗೆ ಕಿವಿಗೊಡಬೇಕೆಂದು ನನಗೆ ಕಲಿಸಿದರು.

ನನ್ನ ಬಾಯಿ ಮೊದಲಿಂದಲೂ ಸುಮ್ಮನಿರುವ ಬಾಯಲ್ಲ. ವಾರ ಕಳೆಯುವಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ, “ಮಿಸ್ತ್ರಿಗೆ ಗ್ವಾಡಿ ಹೇಳಿದ್ದ ಕೇಳವಲ್ದು, ನಾನ ಕಿವ್ಯಾಗ ಊದಬೇಕಾತು” ಎಂದು ಅವರ ದನಿಯನ್ನೇ ಅಣಕಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆ ಮಾತು ಗದಗಿಗೆ ಮುಟ್ಟಲು ಎಷ್ಟು ಹೊತ್ತು... ಬ್ರೇಕಿನ ವಿಷಯ, ಜನ ಹೆದರಿದರು.

ಮುಂದಿನ ಸಲ ಹೋದಾಗ ಗ್ಯಾರೇಜಿನ ಮುಂದೆ ಒಂದು ಕಾರೂ ಇರಲಿಲ್ಲ.

“ಅಕ್ಕಾರ, ನೀವೇನರ ಯಾರ ಮುಂದರ ಅಂದಿದ್ರೇನು?”

“ಇಲ್ರಿ ಚಾಚಾ. ನಾ ಯಾಕ ಹೇಳಲಿ?”

“ಖರೆ ಬಿಡ್ರಿ. ನೀವು ಹೇಳೂ ಪೈಕಿ ಅಲ್ಲ.”

ಅನುಮಾನ ಪಟ್ಟಿದ್ದಕ್ಕೆ ನಾಚಿಕೊಂಡು ನನಗೆ ಚಹಾ ತರಿಸಿದರು. ಅದನ್ನು ಪೂರ್ತಿ ಕುಡಿದು ಬಂದೆ. ನಾಲ್ಕೇ ತಿಂಗಳಲ್ಲಿ ಗ್ಯಾರೇಜಿಗೆ ಬೀಗ ಬಿತ್ತು. ಆಮೇಲೆ ಅವರ ಮನೆಯ ಕಡೆ ಹೋಗುವ ಧೈರ್ಯ ನನಗಾಗಲಿಲ್ಲ.

ಮೊನ್ನೆ ಒಬ್ಬಳೇ ಗಿರಣಿ ಗೋಡೆಯ ಪಕ್ಕ ಹೋಗಿಬಂದೆ. ಸದ್ದು ಬಲಗಡೆಯಿಂದ. ಹೊಸ ಗ್ಯಾರೇಜಿನವನು ಬಿಚ್ಚಿ ನೋಡಿ ಬೆರಗಾದ.

“ಬರೋಬ್ಬರಿ ಹೇಳಿದ್ರಿ ಮೇಡಂ! ಯಾರ ಕಲಿಸ್ಯಾರ್ರಿ?”

“ಬೆಟಗೇರಿ ಮಿಸ್ತ್ರಿ ಚಾಚಾ,” ಎಂದೆ.

“ಯಾರು, ಆ ಕಿವುಡ ಮಿಸ್ತ್ರಿಯೇನ್ರಿ?” ಎಂದು ನಕ್ಕ.

ಜೀವಮಾನವಿಡೀ ದುಡಿದವರು ಊರಿಗೆ ನೆನಪಿರುವುದು ಈ ಹೆಸರಿನಿಂದ. ಇದನ್ನು ಹಬ್ಬಿಸಿದವಳು ನಾನೇ ಎಂದು ಯಾರಿಗೆ ಹೇಳಬೇಕಾಗಿತ್ತೋ ಆ ಚಾಚಾ ಈಗಿಲ್ಲ. ಇವನಿಗಾದರೂ ಹೇಳಬಹುದಿತ್ತು... ಹೇಳಲಿಲ್ಲ.